ರಾಣೆಬೆನ್ನೂರಿನ ಬೇಸ್ ಬಾಕ್ಸಿನಿಂದ ಶುರುವಾದದ್ದು

ನಮ್ಮೂರ ಕಡೆ ಡಿಜೆ ಅಂದರೆ ಮನುಷ್ಯನ ಹೆಸರಲ್ಲ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಕಟ್ಟಿದ ಸ್ಪೀಕರ್ ಗೋಡೆಗೆ ಡಿಜೆ ಅನ್ನುತ್ತಾರೆ. "ಗಣಪತಿ ಕಳಸಾಕ ಈ ಸಲ ಎರಡು ಡಿಜೆ ತರಿಸ್ಯಾರ" ಅಂದರೆ ಎರಡು ಟ್ರ್ಯಾಕ್ಟರ್ ತುಂಬ ಬಾಕ್ಸ್ ಬಂದಿವೆ ಅಂತ ಅರ್ಥ. ಹಾಡು ಹಾಕುವ ಹುಡುಗ ಜನರೇಟರ್ ಪಕ್ಕದಲ್ಲಿ ಎಲ್ಲೋ ಕೂತಿರುತ್ತಾನೆ, ಅವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ನಾನು ಆಗ ಆ ಹುಡುಗನೂ ಅಲ್ಲ, ಬಾಕ್ಸ್ ಹೊರುವವನು. 2005ರಲ್ಲಿ ನನಗೆ ಹದಿನೈದು ವರ್ಷ. ರಾಣೆಬೆನ್ನೂರಿನಲ್ಲಿ ಮಾವನದು ಶಾಮಿಯಾನ ಮತ್ತು ಸೌಂಡ್ ಸರ್ವಿಸ್ ಇತ್ತು. ಮದುವೆಗೆ ಅಹುಜಾ ಆಂಪ್ಲಿಫೈಯರ್ ಮತ್ತು ಹಾರ್ನ್, ಗಣಪತಿಗೆ ಮತ್ತು ಜಾತ್ರೆಗೆ ದೊಡ್ಡ ಬಾಕ್ಸ್.

ಹೊಸ ಸ್ಪೀಕರ್ ಬಂದ ದಿನ ಮಾವ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಜೇಬಿನಿಂದ 9 ವೋಲ್ಟಿನ ಚಿಕ್ಕ ಬ್ಯಾಟರಿ ತೆಗೆದು, ಎರಡು ತುಂಡು ವೈರು ಹಿಡಿದು, ಸ್ಪೀಕರಿನ ಟರ್ಮಿನಲ್ಲಿಗೆ ಒಂದು ಕ್ಷಣ ಮುಟ್ಟಿಸುತ್ತಿದ್ದ. ಟಪ್ ಅಂತ ಸದ್ದು ಬರುತ್ತಿತ್ತು. ಸ್ಪೀಕರಿನ ನಡುವೆ ಅಲುಗುವ ಕೋನ್ ಮುಂದಕ್ಕೆ ಬಂದರೆ ಪ್ಲಸ್ ಸರಿ ಇದೆ. ಹಿಂದಕ್ಕೆ ಹೋದರೆ ತಂತಿ ಉಲ್ಟಾ ಆಗಿದೆ. "ಒಂದು ಬಾಕ್ಸ್ ಗಾಳಿ ದಬ್ಬತೈತಿ, ಪಕ್ಕದ್ದು ಅದೇ ಹೊತ್ತಿಗೆ ಗಾಳಿ ಎಳೀತೈತಿ, ಅಂದಮ್ಯಾಗ ಬೇಸ್ ಎಲ್ಲಿಂದ ಬರಬೇಕಲೇ?" ಅನ್ನುತ್ತಿದ್ದ. ಒಂದು ಸಲ ಬೇಕಂತಲೇ ಉಲ್ಟಾ ತಂತಿ ಕಟ್ಟಿ ತೋರಿಸಿದ. ಎರಡು ಬಾಕ್ಸಿನ ನಡುವೆ ನಿಂತರೆ ಹಾಡಿನ ಹೊಟ್ಟೆಯೇ ಖಾಲಿ. ಒಂದು ಬಾಕ್ಸಿನ ಹತ್ತಿರ ಹೋದರೆ ಬೇಸ್ ಇದೆ, ಮತ್ತೆ ನಡುವೆ ಬಂದರೆ ಇಲ್ಲ. ನಾನು ಆ ದಿನ ಹತ್ತು ಸಲ ಆಚೆ ಈಚೆ ನಡೆದಿದ್ದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಬೆಂಗಳೂರಿಗೆ ಬಂದು ಹೌಸ್, ಟೆಕ್ನೋ ಎಂಬ ಯಂತ್ರದ ಬೀಟಿನ ಕುಣಿತದ ಸಂಗೀತ ಶುರು ಮಾಡಿದ ಮೇಲೆ ಬಹಳ ವರ್ಷ ನಾನು ಈ ಊರಿನ ಕಥೆಯನ್ನು ಯಾರಿಗೂ ಹೇಳಲಿಲ್ಲ. ನನ್ನ ಜೊತೆಯವರು ಬರ್ಲಿನ್, ಡೆಟ್ರಾಯಿಟ್, ಗೋವಾ ಅಂತ ಮಾತಾಡುತ್ತಿದ್ದರು. ಟ್ರ್ಯಾಕ್ಟರ್ ಬಗ್ಗೆ ಏನು ಹೇಳುವುದು ಅಂತ ಸುಮ್ನೆ ಇದ್ದುಬಿಡುತ್ತಿದ್ದೆ. ಆದರೆ ನನ್ನ ಕಿವಿ ತಯಾರಾದದ್ದು ಅಲ್ಲೇ.

ಊರಿನಲ್ಲಿ ಇನ್ನೆರಡು ಪಾಠ ಆದವು. ಒಂದು ರಸಮಂಜರಿ. ಜಾತ್ರೆಗೆ ಬರುವ ಆರ್ಕೆಸ್ಟ್ರಾ ತಂಡಗಳಿಗೆ ನಮ್ಮದೇ ಸೌಂಡ್. ಎಲ್ಲರೂ ಹಾಡುವವರನ್ನು ನೋಡಿದರೆ ನಾನು ರಿದಂ ಪ್ಯಾಡ್ ಬಾರಿಸುವವನ ಹಿಂದೆ ನಿಲ್ಲುತ್ತಿದ್ದೆ. ಎಂಟು ರಬ್ಬರ್ ಚೌಕಗಳು, ಎರಡು ಕೋಲು. ಅದರಿಂದ ತಬಲಾ ಬರುತ್ತದೆ, ಡೋಲಕ್ ಬರುತ್ತದೆ, ಡ್ರಮ್ ಬರುತ್ತದೆ, ಗಾಜು ಒಡೆದ ಸದ್ದೂ ಬರುತ್ತದೆ. ಮೇಲೆ ರೋಲ್ಯಾಂಡ್ ಅಂತ ಬರೆದಿತ್ತು. ಆಕ್ಟೋಪ್ಯಾಡ್. ಎಷ್ಟೋ ವರ್ಷದ ನಂತರ ಹೌಸ್, ಟೆಕ್ನೋ ಎರಡರ ಬೆನ್ನೆಲುಬಾದ ಟಿಆರ್-909 ಎಂಬ ಡ್ರಮ್ ಯಂತ್ರದ ಫೋಟೋ ನೋಡಿದಾಗ ಮೂಲೆಯಲ್ಲಿ ಅದೇ ಹೆಸರು ಕಂಡಿತು. 1983ರ ಯಂತ್ರ ಅದು. ಹೌಸ್ ಹುಟ್ಟಿಸಿದ ಶಿಕಾಗೋದ ಹುಡುಗರಿಗೆ ಸಿಕ್ಕ ಕಂಪನಿಯ ಪೆಟ್ಟಿಗೆಯೇ ನಮ್ಮೂರ ಜಾತ್ರೆಯ ಸ್ಟೇಜಿಗೂ ಬಂದಿತ್ತಲ್ಲ ಅಂತ ಆ ರಾತ್ರಿ ನನಗೆ ತುಂಬ ಖುಷಿಯಾಗಿತ್ತು.

ಇನ್ನೊಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ರೇಡಿಯೊ. ಬೆಳಿಗ್ಗೆ ಧಾರವಾಡ ಆಕಾಶವಾಣಿ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಬಸವರಾಜ ರಾಜಗುರು. ನಮ್ಮ ಭಾಗದಲ್ಲಿ ಇದು ದೊಡ್ಡವರ ಸಂಗೀತ ಅಂತ ಯಾರೂ ದೂರ ಇಡುವುದಿಲ್ಲ, ಹಲ್ಲು ಉಜ್ಜುವಾಗ ಕಿವಿಗೆ ಬೀಳುತ್ತದೆ ಅಷ್ಟೇ. ನಾನು ಒಂದು ಸ್ವರವನ್ನೂ ಕಲಿಯಲಿಲ್ಲ. ಆದರೆ ಅವರು ನಿಧಾನ ಲಯದ ವಿಲಂಬಿತ್‌ನಲ್ಲಿ ಒಂದೇ ಸ್ವರದ ಸುತ್ತ ಎಷ್ಟು ಹೊತ್ತು ಕೂರುತ್ತಾರೆ, ಮೇಲಿನ ಷಡ್ಜ ಮುಟ್ಟಲು ಎಷ್ಟು ತಡ ಮಾಡುತ್ತಾರೆ, ಅದು ಮೈಗೆ ಗೊತ್ತಿತ್ತು.

2009ರಲ್ಲಿ ಬೆಂಗಳೂರಿಗೆ ಬಂದೆ. ಲಗ್ಗೆರೆಯಲ್ಲಿ ರೂಮು, ಮೂವರು ಹುಡುಗರು. ಒಂದು ಹೋಟೆಲಿನ ಬ್ಯಾಂಕ್ವೆಟ್ ಹಾಲಿನಲ್ಲಿ ಸೌಂಡ್ ಮತ್ತು ಪ್ರೊಜೆಕ್ಟರ್ ನೋಡಿಕೊಳ್ಳುವ ಕೆಲಸ. ಕಂಪನಿಗಳ ಪಾರ್ಟಿಗೆ ಡಿಜೆ ಬರುತ್ತಿದ್ದರು. ಆಗ ಮೊದಲ ಸಲ ಡಿಜೆ ಎಂಬ ಮನುಷ್ಯನನ್ನು ಹತ್ತಿರದಿಂದ ನೋಡಿದೆ. ಎರಡು ಸಿಡಿ ಪ್ಲೇಯರ್, ನಡುವೆ ಮಿಕ್ಸರ್, ಒಂದೇ ಕಿವಿಗೆ ಹೆಡ್‌ಫೋನ್. ಒಬ್ಬರು ಒಂದು ಗಂಟೆ ನುಡಿಸಿದರು. ನಾನು ಹಿಂದೆಯೇ ನಿಂತಿದ್ದೆ, ಕೈ ನೋಡುತ್ತಿದ್ದೆ, ಆದರೂ ಒಂದು ಹಾಡಿನಿಂದ ಇನ್ನೊಂದಕ್ಕೆ ಎಲ್ಲಿ ದಾಟಿದರು ಅಂತ ಗೊತ್ತಾಗಲಿಲ್ಲ. ಹಾಡು ಬದಲಾಗಿದೆ ಅಂತ ಗೊತ್ತಾಗುವ ಹೊತ್ತಿಗೆ ಬದಲಾಗಿ ಎರಡು ನಿಮಿಷ ಆಗಿತ್ತು. ನನಗೆ ಇದು ಬೇಕು ಅಂತ ಆ ದಿನವೇ ಅನ್ನಿಸಿತು.

2011ರಲ್ಲಿ ಕಂತಿನ ಮೇಲೆ ಲ್ಯಾಪ್‌ಟಾಪ್ ತಗೊಂಡೆ. ವರ್ಚುವಲ್ ಡಿಜೆ ಸಾಫ್ಟ್‌ವೇರ್ ಹಾಕಿದೆ. ಎಸ್‌ಪಿ ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು ಎರಡು ಔಟ್‌ಪುಟ್ ಇರುವ ಅಗ್ಗದ ಸೌಂಡ್ ಕಾರ್ಡ್ ತಂದೆ. ಒಂದು ಔಟ್‌ಪುಟ್ ಜನ ಕೇಳುವುದಕ್ಕೆ, ಇನ್ನೊಂದು ನಮ್ಮ ಕಿವಿಗೆ ಮಾತ್ರ. ಮುಂದಿನ ಹಾಡನ್ನು ಜನಕ್ಕೆ ಗೊತ್ತಾಗದಂತೆ ನಾವು ಕೇಳಿ ಹೊಂದಿಸಿಕೊಳ್ಳಬೇಕಲ್ಲ, ಅದಕ್ಕೆ. ಮುಂದಿನ ವರ್ಷ ಒಬ್ಬ ಗೆಳೆಯನಿಂದ ಲ್ಯಾಪ್‌ಟಾಪಿನ ಹಾಡುಗಳನ್ನು ಕೈಯಿಂದ ನಡೆಸುವ ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ಸಿಕ್ಕಿತು. ಅದರಲ್ಲಿ ಸಿಂಕ್ ಅಂತ ಒಂದು ಬಟನ್. ಒತ್ತಿದರೆ ಎರಡು ಹಾಡಿನ ವೇಗ ತಾನಾಗಿಯೇ ಒಂದಾಗುತ್ತದೆ. ಅವನು ಕೊಡುವಾಗಲೇ ಆ ಬಟನ್ ಮೇಲೆ ಕಪ್ಪು ಟೇಪ್ ಅಂಟಿಸಿದ. "ಆರು ತಿಂಗಳು ಇದನ್ನ ತೆಗೀಬೇಡ" ಅಂದ. ಇವತ್ತು ಯಾರಾದರೂ ಸಿಂಕ್ ಬಳಸಿದರೆ ನಾನು ತಪ್ಪು ಅನ್ನುವುದಿಲ್ಲ. ಆದರೆ ಕಲಿಯುವಾಗ ಆ ಟೇಪ್ ನನಗೆ ಸಿಕ್ಕ ದೊಡ್ಡ ಉಪಕಾರ.

ಬೀಟ್ ಮ್ಯಾಚಿಂಗ್ ಅಂದರೆ ಹೀಗೆ. ಒಂದು ಹಾಡು ನಿಮಿಷಕ್ಕೆ 124 ಬೀಟ್ ಓಡುತ್ತಿದೆ, ಇನ್ನೊಂದು 126. ವೇಗ ಹೆಚ್ಚು ಕಡಿಮೆ ಮಾಡುವ ಪಿಚ್ ಫೇಡರ್ ಜರುಗಿಸಿ ಎರಡನ್ನೂ ಒಂದೇ ವೇಗಕ್ಕೆ ತರಬೇಕು, ಆಮೇಲೆ ಒಂದರ ಏಟಿನ ಮೇಲೆ ಇನ್ನೊಂದರ ಏಟು ಸರಿಯಾಗಿ ಕೂರಬೇಕು. ನಮ್ಮ ಕಡೆ ಇಬ್ಬರು ಹೆಂಗಸರು ಒಂದೇ ಒರಳಿಗೆ ಒನಕೆ ಹಾಕಿ ಬ್ಯಾಡಗಿ ಮೆಣಸಿನಕಾಯಿ ಕುಟ್ಟುವುದನ್ನು ನೋಡಿದ್ದೇನೆ. ಒಬ್ಬಳ ಲಯ ಸ್ವಲ್ಪ ಜಾರಿದರೂ ಇನ್ನೊಬ್ಬಳು ಅರ್ಧ ಏಟು ತಡೆದು ಸರಿಮಾಡಿಕೊಳ್ಳುತ್ತಾಳೆ, ಮಾತೂ ನಿಲ್ಲುವುದಿಲ್ಲ. ನನಗೆ ಹಾಗೆ ಸರಿಮಾಡುವುದು ಬರಲು ಸುಮಾರು ಎಂಟು ತಿಂಗಳು ಬೇಕಾಯಿತು. ಯಾವುದು ಮುಂದಿದೆ, ಯಾವುದು ಹಿಂದಿದೆ ಅಂತ ಕಿವಿಗೆ ಹೊಳೆಯುವುದೇ ಕಷ್ಟ. ತಪ್ಪು ದಿಕ್ಕಿಗೆ ತಳ್ಳಿದರೆ ಇನ್ನೂ ಕೆಡುತ್ತದೆ. ರಾತ್ರಿ ಎರಡು ಗಂಟೆವರೆಗೆ ಹೆಡ್‌ಫೋನ್ ಹಾಕಿಕೊಂಡು ಅದೇ ಎರಡು ಹಾಡು, ಅದೇ ಎರಡು ಹಾಡು.

ಆಮೇಲೆ ಎಣಿಕೆ. ಈ ಸಂಗೀತ ನಾಲ್ಕು ನಾಲ್ಕು ಏಟಿನಲ್ಲಿ ನಡೆಯುತ್ತದೆ, ಮತ್ತು ಹೊಸದೇನಾದರೂ ಬರುವುದು ಸಾಮಾನ್ಯವಾಗಿ 16 ಅಥವಾ 32 ಏಟು ಮುಗಿದ ಮೇಲೆ. 124ರ ವೇಗದಲ್ಲಿ 32 ಏಟಿಗೆ ಹದಿನೈದೂವರೆ ಸೆಕೆಂಡು. ಬಿಎಂಟಿಸಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತೊಡೆ ಮೇಲೆ ಬೆರಳಿನಿಂದ ಎಣಿಸುತ್ತಿದ್ದೆ. ಕೆಲವು ತಿಂಗಳ ನಂತರ ಎಣಿಸುವುದು ನಿಂತಿತು. ಮಾತಾಡುತ್ತಿದ್ದರೂ 32 ಮುಗಿಯಿತು ಅಂತ ಒಳಗೆ ಗೊತ್ತಾಗತೊಡಗಿತು. ತಬಲಾ ಕಲಿತವರು ತಾಳದ ಮೊದಲ ಏಟಿಗೆ ಸಮ್ ಅನ್ನುತ್ತಾರಲ್ಲ, ಅದೇ.

ಮೊದಲ ಪಬ್ಬು 2013ರಲ್ಲಿ, ಕೋರಮಂಗಲ ಕಡೆ. ಮಂಗಳವಾರ, ಸಂಜೆ ಏಳೂವರೆಯಿಂದ ಒಂಬತ್ತು, ಅಂದರೆ ಮುಖ್ಯ ಡಿಜೆ ಬರುವುದಕ್ಕೆ ಮುಂಚಿನ ವಾರ್ಮ್ ಅಪ್. 1500 ರೂಪಾಯಿ. ನನ್ನ ಹತ್ತಿರ ಇದ್ದ ಅತಿ ಜೋರು ಹಾಡುಗಳನ್ನೆಲ್ಲ ಆ ಒಂದೂವರೆ ಗಂಟೆಯಲ್ಲಿ ಸುರಿದುಬಿಟ್ಟೆ. ಒಳಗೆ ಇದ್ದದ್ದು ಹನ್ನೊಂದು ಜನ, ಊಟಕ್ಕೆ ಕೂತವರು. ಇಬ್ಬರು ಎದ್ದು ಹೊರಗಿನ ಟೇಬಲ್ಲಿಗೆ ಹೋದರು. ಆಮೇಲೆ ಬಂದ ಸೀನಿಯರ್ ನನ್ನನ್ನು ಬೈಯಲಿಲ್ಲ. "ನೀನು ರೂಮಿನಲ್ಲಿ ಇರುವುದನ್ನೆಲ್ಲ ಖರ್ಚು ಮಾಡಿದೆ. ಈಗ ನಾನು ಎಲ್ಲಿಂದ ಶುರು ಮಾಡಲಿ?" ಅಂತ ಮೆತ್ತಗೆ ಕೇಳಿದರು. ಆ ಮಾತು ನನಗೆ ಬೈಗುಳಕ್ಕಿಂತ ಜಾಸ್ತಿ ತಾಗಿತು.

ಆ ಕಾಲದಲ್ಲಿ ಬೆಂಗಳೂರಿನ ಪಬ್ಬುಗಳು ರಾತ್ರಿ ಹನ್ನೊಂದೂವರೆಗೆ ಮುಚ್ಚಬೇಕಿತ್ತು. ಲಗ್ಗೆರೆಗೆ ಬಸ್ಸಿಲ್ಲ, ಆಟೋಗೆ ಕೊಟ್ಟರೆ ಆ ದಿನದ ದುಡ್ಡಿನಲ್ಲಿ ಏನೂ ಉಳಿಯುವುದಿಲ್ಲ. ಮೆಜೆಸ್ಟಿಕ್‌ವರೆಗೆ ಹೇಗೋ ಬಂದು, ಬ್ಯಾಗು ತೊಡೆ ಮೇಲೆ ಇಟ್ಟುಕೊಂಡು ಬೆಳಗಿನ ಬಸ್ಸಿಗೆ ಕಾಯುತ್ತಿದ್ದೆ. ಅಂಥ ಒಂದು ರಾತ್ರಿ ಫೋನಿನಲ್ಲಿ ಮನ್ಸೂರರನ್ನು ಹಾಕಿಕೊಂಡೆ, ನಿದ್ದೆ ಬರಲಿ ಅಂತ. ನಿದ್ದೆ ಬರಲಿಲ್ಲ. ಅವರು ಹೇಗೆ ಶುರು ಮಾಡುತ್ತಾರೆ, ಏನನ್ನು ಕೊಡದೆ ಹಿಡಿದಿಡುತ್ತಾರೆ, ಅದನ್ನೇ ಕೇಳುತ್ತ ಕೂತೆ. ರಾಗವನ್ನು ಮೆಲ್ಲಗೆ ಬೆಳೆಸುವ ಇದಕ್ಕೇ ಹಿಂದುಸ್ತಾನಿಯವರು ಬಢತ್ ಅನ್ನುವುದು. ಮುಂದಿನ ವಾರ ವಾರ್ಮ್ ಅಪ್ ಅನ್ನು ನಿಮಿಷಕ್ಕೆ 112 ಬೀಟಿನಿಂದ ಶುರು ಮಾಡಿದೆ. ಹಾಡುವ ದನಿ ಇಲ್ಲ, ತಡೆದಿಟ್ಟ ಬೀಟ್ ಒಮ್ಮೆಲೇ ಬಂದು ಬೀಳುವ ದೊಡ್ಡ ಡ್ರಾಪ್ ಇಲ್ಲ. ಹತ್ತು ನಿಮಿಷಕ್ಕೆ ಒಂದು ಬೀಟ್‌ನಷ್ಟು ವೇಗ ಏರಿಸುತ್ತ ಹೋದೆ. ಒಂಬತ್ತಕ್ಕೆ ಸೀನಿಯರ್ ಬಂದಾಗ ಜನ ಇನ್ನೂ ಕುಣಿಯುತ್ತಿರಲಿಲ್ಲ, ಆದರೆ ಎಲ್ಲರ ಕಾಲು ಟೇಬಲ್ ಕೆಳಗೆ ತಾಳ ಹಾಕುತ್ತಿತ್ತು. ಅವರು ಹೆಡ್‌ಫೋನ್ ಹಾಕಿಕೊಳ್ಳುತ್ತ ನನ್ನ ಭುಜ ತಟ್ಟಿದರು. ಅದೇ ಜಾಗದಲ್ಲಿ ನಾನು ಎರಡು ವರ್ಷ ವಾರ್ಮ್ ಅಪ್ ನುಡಿಸಿದೆ. ನನ್ನನ್ನು ಕೇಳಿದರೆ ಡಿಜೆ ಕೆಲಸದಲ್ಲಿ ಅತಿ ಕಷ್ಟದ್ದೂ ಅತಿ ಚಂದದ್ದೂ ವಾರ್ಮ್ ಅಪ್ಪೇ.

ಈಗ ಬ್ಯಾಟರಿಯ ವಿಷಯಕ್ಕೆ ಬರುತ್ತೇನೆ. ನನ್ನ ಮಿಕ್ಸಿಂಗ್‌ನಲ್ಲಿ ಒಂದು ತೊಂದರೆ ಇತ್ತು. ಎರಡು ಹಾಡು ಸೇರಿದಾಗ ಬೀಟ್ ಸರಿ ಇದ್ದರೂ ಕೆಲವು ಸಲ ಹಾಡಿನ ಹೊಟ್ಟೆ ಖಾಲಿಯಾಗುತ್ತಿತ್ತು. ಜೋರಾಗಬೇಕಾದ ಜಾಗದಲ್ಲಿ ಟೊಳ್ಳು. ವೇಗ ನೋಡಿದೆ, ಸರಿ. ವಾಲ್ಯೂಮ್ ನೋಡಿದೆ, ಸರಿ. ಒಂದು ರಾತ್ರಿ ಆ ಟೊಳ್ಳು ಸದ್ದು ಕೇಳುತ್ತಿದ್ದಾಗ ರಾಣೆಬೆನ್ನೂರಿನಲ್ಲಿ ಎರಡು ಬಾಕ್ಸಿನ ನಡುವೆ ನಿಂತದ್ದು ನೆನಪಾಯಿತು. ಅದೇ ಸದ್ದು! ಲೆಕ್ಕ ಸರಳ. ಈ ಸಂಗೀತದಲ್ಲಿ ಧಬ್ ಧಬ್ ಅನ್ನುವ ಕಿಕ್ ಡ್ರಮ್ಮಿನ ತಳದ ಸದ್ದು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಅಲೆ ಅಂತ ಇಟ್ಟುಕೊಳ್ಳಿ. ಒಂದು ಅಲೆಗೆ 20 ಮಿಲಿಸೆಕೆಂಡು. ಎರಡನೇ ಹಾಡಿನ ಕಿಕ್ 10 ಮಿಲಿಸೆಕೆಂಡು ತಡವಾದರೆ ಒಂದು ಅಲೆ ದಬ್ಬುವಾಗ ಇನ್ನೊಂದು ಎಳೆಯುತ್ತದೆ. ಏಟು ತಪ್ಪಿದೆ ಅಂತ ಕಿವಿಗೆ ಸರಿಯಾಗಿ ಗೊತ್ತಾಗದಷ್ಟು ಸಣ್ಣ ತಡ ಅದು, ಆದರೆ ಬೇಸ್ ತಿಂದುಹಾಕಲು ಅಷ್ಟು ಸಾಕು. ಅದಕ್ಕೇ ಅನುಭವಿಗಳು ಎರಡು ಬೇಸ್ ಒಟ್ಟಿಗೆ ಬಿಡುವುದಿಲ್ಲ. ಹೊಸ ಹಾಡಿನ ಬೇಸ್ ಗುಂಡಿ ಪೂರ್ತಿ ಇಳಿಸಿ ಒಳಗೆ ತರುತ್ತಾರೆ. 32 ಏಟು ಮುಗಿಯುವ ಕ್ಷಣದಲ್ಲಿ ಹಳೆಯದರ ಬೇಸ್ ಇಳಿಸಿ ಹೊಸದರದ್ದು ಏರಿಸುತ್ತಾರೆ. ಬೇಸ್ ಸ್ವಾಪ್ ಅನ್ನುತ್ತಾರೆ. ನಾನು ಅದನ್ನು ವಿಡಿಯೊಗಳಲ್ಲಿ ನೋಡಿ ಕುರುಡಾಗಿ ಮಾಡುತ್ತಿದ್ದೆ, ಕೆಲವು ಸಲ ಮರೆಯುತ್ತಿದ್ದೆ. ಯಾಕೆ ಅಂತ ಗೊತ್ತಾದ ಮೇಲೆ ಒಂದು ದಿನವೂ ಮರೆಯಲಿಲ್ಲ.

ಮುಂದೆ ಒಂದು ಕ್ಲಬ್ಬಿನಲ್ಲಿ ನುಡಿಸುವ ಮುಂಚೆ ಡಾನ್ಸ್ ಜಾಗದ ನಡುವೆ ನಿಂತೆ. ಬೇಸ್ ಇಲ್ಲ. ಎಡಕ್ಕೆ ಹೋದರೆ ಇದೆ, ಬಲಕ್ಕೆ ಹೋದರೂ ಇದೆ. ಅಲ್ಲಿನ ಸೌಂಡ್ ಹುಡುಗ ಆಂಪ್ಲಿಫೈಯರ್ ಜೋರು ಮಾಡುತ್ತಲೇ ಇದ್ದ. ನಾನು ಎದುರಿನ ಅಂಗಡಿಯಿಂದ 9 ವೋಲ್ಟ್ ಬ್ಯಾಟರಿ ತಂದೆ. ಬೇಸ್‌ಗೆಂದೇ ಇರುವ ಒಂದು ಸಬ್‌ವೂಫರ್‌ನ ಕೋನ್ ಹಿಂದಕ್ಕೆ ಹೋಯಿತು. ತಂತಿ ಬದಲಿಸಿದೆವು. ಆ ಜಾಗ ತೆರೆದು ಒಂದು ವರ್ಷವಾಗಿತ್ತು, ಒಂದು ವರ್ಷ ಜನ ಬೇಸ್ ಇಲ್ಲದ ಜಾಗದಲ್ಲಿ ಕುಣಿದಿದ್ದರು. ಅವತ್ತು ರಾತ್ರಿ ಮಾವನಿಗೆ ಫೋನ್ ಮಾಡಿ ಹೇಳಿದೆ. ಆತ ಏನೂ ದೊಡ್ಡದಾಗಿ ತಗೊಳ್ಳಲಿಲ್ಲ, "ವೈರಿಗೆ ಗುರುತು ಕಟ್ಟಿ ಬಂದಿಯೇನು?" ಅಂತ ಕೇಳಿದ. ಕಟ್ಟಿರಲಿಲ್ಲ. ಮರುದಿನ ಹೋಗಿ ಕೆಂಪು ಟೇಪ್ ಸುತ್ತಿ ಬಂದೆ.

ಕನ್ನಡ ಹಾಡಿನ ವಿಷಯ ಹೇಳದೆ ಬಿಟ್ಟರೆ ಈ ಬರಹ ಪೂರ್ತಿ ಆಗುವುದಿಲ್ಲ. ಪ್ರತಿ ರಾತ್ರಿ ಒಬ್ಬರಾದರೂ ಬಂದು "ಗುರೂ, ಒಂದು ಕನ್ನಡ ಹಾಕಿ" ಅನ್ನುತ್ತಿದ್ದರು. ಒಂದು ಜಾಗದ ಮ್ಯಾನೇಜರ್ ಕನ್ನಡ ಹಾಕಬೇಡ ಅಂತ ಖಡಾಖಂಡಿತ ಹೇಳಿದ್ದ. ಬೆಂಗಳೂರಿನಲ್ಲಿ ನಿಂತು ಕನ್ನಡದಲ್ಲೇ ಕೇಳುತ್ತಿರುವ ಒಬ್ಬ ಮನುಷ್ಯನಿಗೆ ನಾನು ಕನ್ನಡದಲ್ಲೇ ಆಗುವುದಿಲ್ಲ ಅನ್ನಬೇಕಿತ್ತು. ಮೂರು ತಿಂಗಳಿಗೆ ಆ ಜಾಗ ಬಿಟ್ಟೆ. ನೋವು ಇವತ್ತಿಗೂ ಇದೆ. ಆದರೆ ಸಂಗೀತದ ಕಡೆಯಿಂದ ಒಂದು ನಿಜವಾದ ಅಡಚಣೆಯೂ ಇತ್ತು. ಹೌಸ್, ಟೆಕ್ನೋ ಹಾಡುಗಳನ್ನು ಮಾಡುವವರು ಡಿಜೆಗಾಗಿಯೇ ಶುರುವಿನಲ್ಲಿ, ಕೊನೆಯಲ್ಲಿ ಬರೀ ಡ್ರಮ್ ಬಿಟ್ಟಿರುತ್ತಾರೆ, ಒಂದು ನಿಮಿಷದ ತನಕ. ಸೇರಿಸಲು ಅಲ್ಲೇ ಜಾಗ. ಸಿನಿಮಾ ಹಾಡಿಗೆ ಆ ಅಂಗಳ ಇಲ್ಲ, ಬಾಗಿಲು ತೆಗೆದರೆ ನೇರ ನಡುಮನೆ. ಹಳೆಯ ಹಾಡುಗಳಲ್ಲಿ ವೇಗವೂ ಯಂತ್ರದ ಹಾಗೆ ಒಂದೇ ಸಮ ಇರುವುದಿಲ್ಲ, ಬಾರಿಸಿದವರು ಮನುಷ್ಯರು. ಎಷ್ಟೋ ಹಾಡು ಮೂರರ ನಡೆಯಲ್ಲಿ ಇರುತ್ತವೆ, ಅದನ್ನು ನಾಲ್ಕರ ಕಿಕ್ ಮೇಲೆ ಕೂರಿಸಲು ಯೋಚನೆ ಬೇಕು. ಅದಕ್ಕೆ ನಾನೇ ಎಡಿಟ್ ಮಾಡತೊಡಗಿದೆ. ಹಾಡಿನ ಮುಂದೆ ಹದಿನಾರು ಸಾಲು ಡ್ರಮ್ ಕಟ್ಟುವುದು, ವೇಗ ಸಮ ಮಾಡುವುದು, ಪಲ್ಲವಿಯ ಒಂದು ತುಂಡನ್ನು ತಡಮಾಡಿ ತರುವುದು. ಏಬಲ್ಟನ್ ಲೈವ್ ಎಂಬ ಸಾಫ್ಟ್‌ವೇರ್ ನಾನು ಕಲಿತದ್ದೇ ಈ ಕೆಲಸಕ್ಕಾಗಿ. ಸಂಗೀತ ಮಾಡಬೇಕು ಎಂಬ ಆಸೆಗಿಂತ ಮೊದಲು ಕೇಳಿದವರಿಗೆ ಒಂದು ಕನ್ನಡ ಹಾಡನ್ನು ಮರ್ಯಾದೆಯಿಂದ ನುಡಿಸಬೇಕು ಅಂತ ಇತ್ತು.

2015ರಲ್ಲಿ ಚರಣ್‌ಜಿತ್ ಸಿಂಗ್ ತೀರಿಕೊಂಡ ಸುದ್ದಿ ಓದಿದೆ. ಅಲ್ಲಿಯವರೆಗೆ ಆ ಹೆಸರೇ ಕೇಳಿರಲಿಲ್ಲ. ಮುಂಬೈಯ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಕಲಾವಿದ. 1982ರಲ್ಲಿ ರೋಲ್ಯಾಂಡ್‌ನ ಮೂರು ಯಂತ್ರ ಇಟ್ಟುಕೊಂಡು, ಡಿಸ್ಕೋ ಬೀಟ್ ಮೇಲೆ ಹತ್ತು ರಾಗ ನುಡಿಸಿ ರೆಕಾರ್ಡ್ ಮಾಡಿದ್ದರು. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮತ್ತೆ ಅಚ್ಚಾದಾಗ ಲೋಕವೇ ಬೆರಗಾಯಿತು. ಅದರಲ್ಲಿದ್ದ ಟಿಬಿ-303 ಎಂಬ ಬೇಸ್ ಯಂತ್ರದಿಂದಲೇ ಐದು ವರ್ಷ ಕಳೆದ ಮೇಲೆ, 1987ರಲ್ಲಿ, ಶಿಕಾಗೋದಲ್ಲಿ ಹೌಸ್‌ನ ಇನ್ನೊಂದು ಬಗೆಯಾದ ಆಸಿಡ್ ಹೌಸ್ ಹುಟ್ಟಿದ್ದು. ಸಿಂಗ್ ಅವರಿಗೆ ಶಿಕಾಗೋದವರ ಸುದ್ದಿ, ಶಿಕಾಗೋದವರಿಗೆ ಇವರ ಸುದ್ದಿ ಗೊತ್ತಿರಲಿಲ್ಲ. ರೂಮಿನಲ್ಲಿ ದೀಪ ಆರಿಸಿ ಪೂರ್ತಿ ಕೇಳಿದೆ. ಭೂಪಾಲಿ ಬಂತು, ಕರ್ನಾಟಕ ಸಂಗೀತದವರು ಮೋಹನ ಅನ್ನುವ ರಾಗ. ಮಾಲ್‌ಕೌಂಸ್ ಬಂತು. ಮೇಷ್ಟ್ರ ರೇಡಿಯೊ ಮತ್ತು ಟ್ರ್ಯಾಕ್ಟರಿನ ಬೇಸ್ ಎರಡೂ ಒಂದೇ ಕೋಣೆಯಲ್ಲಿ ಕೂತ ಹಾಗಿತ್ತು. ನನಗೆ ಅಳು ಬಂತು, ಹೇಳಲು ಸಂಕೋಚ ಇಲ್ಲ.

ಆ ವರ್ಷಗಳಲ್ಲಿ ನುಡಿಸಿದ್ದಕ್ಕಿಂತ ಕೇಳಿದ್ದು ಜಾಸ್ತಿ. ಇಂದಿರಾನಗರದಲ್ಲಿ ಸಂಗೀತ ಕಾರ್ಯಕ್ರಮ ನಡೆಯುತ್ತಿದ್ದ ಹಮ್ಮಿಂಗ್ ಟ್ರೀ ಎಂಬ ಜಾಗ 2019ರಲ್ಲಿ ಮುಚ್ಚುವ ತನಕ ತಿಂಗಳಿಗೆ ಎರಡು ಸಲವಾದರೂ ಹೋಗುತ್ತಿದ್ದೆ, ಸ್ಪೀಕರಿನಿಂದ ಸ್ವಲ್ಪ ದೂರ, ಒಂದೇ ಜಾಗ. ಒಬ್ಬ ಗೆಳೆಯನ ಮನೆಯಲ್ಲಿ ಟೆಕ್ನಿಕ್ಸ್ 1200 ಟರ್ನ್‌ಟೇಬಲ್ ಇದ್ದವು, ಭಾನುವಾರ ಅಲ್ಲಿ ಹೋಗಿ ರೆಕಾರ್ಡ್ ಮೇಲೆ ಅಭ್ಯಾಸ. ಪರದೆ ಇಲ್ಲ, ಅಲೆಯ ಚಿತ್ರ ಇಲ್ಲ, ಪಿಚ್ ಎಂಟು ಪರ್ಸೆಂಟ್ ಆಚೆ ಈಚೆ ಅಷ್ಟೇ. ಬೆರಳಿನಿಂದ ರೆಕಾರ್ಡಿನ ಅಂಚು ಸವರಿ ತಡೆಯುವುದು. ಒನಕೆಯ ಅರ್ಧ ಏಟು ಎಂದರೇನು ಅಂತ ಕೈಗೆ ಗೊತ್ತಾದದ್ದು ಅಲ್ಲಿ.

ದುಡ್ಡಿನ ಕಡೆ ಹೇಳುವುದು ಹೆಚ್ಚಿಲ್ಲ. 2018ರಲ್ಲಿ ಲೈವ್ ಮ್ಯೂಸಿಕ್‌ಗೆ ಪೊಲೀಸ್ ಲೈಸೆನ್ಸ್ ಬೇಕು ಎಂಬ ಬೆಂಗಳೂರಿನ 2005ರ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಎಷ್ಟೋ ಕಡೆ ಸಂಗೀತ ನಿಂತಿತು. ನಾನು ಮದುವೆಗಳಿಗೆ ಹೋದೆ. ಮದುವೆ ಕೀಳು ಅನ್ನುವವರನ್ನು ನಾನು ಒಪ್ಪುವುದಿಲ್ಲ. ಎಂಟು ವರ್ಷದ ಮಗು, ಎಪ್ಪತ್ತು ವರ್ಷದ ಅಜ್ಜಿ ಇಬ್ಬರನ್ನೂ ಒಂದೇ ಹಾಡಿಗೆ ಎಬ್ಬಿಸುವುದು ಯಾವ ಕ್ಲಬ್ಬಿನಲ್ಲೂ ಕಲಿಯಲು ಸಿಗುವುದಿಲ್ಲ.

2019ರ ಒಂದು ಬೆಳಿಗ್ಗೆ ಎಡಗಿವಿಯಲ್ಲಿ ಗುಂಯ್ ಅನ್ನುವ ಸದ್ದು ನಿಲ್ಲಲಿಲ್ಲ. ಮೂರು ದಿನ ಹಾಗೇ ಇತ್ತು. ಡಾಕ್ಟರು ಪರೀಕ್ಷೆ ಮಾಡಿ ಮೇಲಿನ ಸ್ವರಗಳ ಕಡೆ ಸ್ವಲ್ಪ ಹೋಗಿದೆ ಅಂದರು. ಹೋದದ್ದು ಬರುವುದಿಲ್ಲ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು, 100 ಆದರೆ ಕಾಲು ಗಂಟೆ ಮಾತ್ರ ಅನ್ನುವ ಲೆಕ್ಕ ನನಗೆ ಅಂದು ಗೊತ್ತಾಯಿತು. ಹದಿನೈದನೇ ವಯಸ್ಸಿನಿಂದ ನಾನು ಬಾಕ್ಸಿನ ಪಕ್ಕವೇ ಬದುಕಿದವನು. ಈಗ ಇಯರ್ ಪ್ಲಗ್ ಇಲ್ಲದೆ ಹೋಗುವುದೇ ಇಲ್ಲ, ಮತ್ತು ಹೊಸ ಹುಡುಗರು ಯಾರು ಬಂದರೂ ಮೊದಲು ಹೇಳುವುದು ಅದನ್ನೇ. ಈಗ ಕೆಲವು ಜಿಲ್ಲೆಗಳಲ್ಲಿ ಗಣಪತಿ ಮೆರವಣಿಗೆಗೆ ಡಿಜೆ ಬೇಡ ಅಂತ ಆಡಳಿತ ಆದೇಶ ಮಾಡುತ್ತದೆ, ಊರಲ್ಲಿ ಜಗಳ ಆಗುತ್ತದೆ. ಸಾಲ ಮಾಡಿ ಬಾಕ್ಸ್ ಕಟ್ಟಿದ ಹುಡುಗರ ಸಂಕಟ ನನಗೆ ಗೊತ್ತು. ಆದರೂ ಆಸ್ಪತ್ರೆ ಮುಂದೆ, ತೊಟ್ಟಿಲ ಮಗು ಇರುವ ಓಣಿಯಲ್ಲಿ ಆ ಗೋಡೆ ಬೇಡ. ನನ್ನ ಎಡಗಿವಿ ಹೇಳುವ ಮಾತು ಇದು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಕೆಲಸ ಹೋಯಿತು, ಮೇ ತಿಂಗಳಲ್ಲಿ ಊರಿಗೆ ಬಂದೆ. ಮಾವನ ಬಾಕ್ಸುಗಳ ಮೇಲೆ ಟಾರ್ಪಾಲು. ಪಕ್ಕದ ಹಳ್ಳಿಯ ಬೀರಲಿಂಗೇಶ್ವರ ಗುಡಿಯಲ್ಲಿ ಡೊಳ್ಳು ಬಾರಿಸುವ ಹಿರಿಯರೊಬ್ಬರು ಮಾವನಿಗೆ ಪರಿಚಯ. ಮಳೆಗಾಲ ಮುಗಿದ ಮೇಲೆ ಅವರ ಆರು ಜನರ ತಂಡವನ್ನು ಗುಡಿಯ ಬಯಲಿನಲ್ಲಿ ರೆಕಾರ್ಡ್ ಮಾಡಿದೆ, ಎರಡು ಮೈಕು, ಒಂದು ಲ್ಯಾಪ್‌ಟಾಪ್. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ. ಮನೆಗೆ ಬಂದು ಏಬಲ್ಟನ್‌ಗೆ ಹಾಕಿ, ವೇಗ ಸಮ ಮಾಡಿ, ಕೆಳಗೆ 909ರ ಕಿಕ್ ಕೂರಿಸಿದೆ. ಎರಡು ವಾರ ಕೂತು ಆರು ನಿಮಿಷದ ಟ್ರ್ಯಾಕ್ ಮಾಡಿದೆ. ಚೆನ್ನಾಗಿದೆ ಅನ್ನಿಸಿತು. ಹಿರಿಯರಿಗೆ ಕೇಳಿಸಲು ಹೋದೆ. ಅವರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದರು. ತೆಗೆದು ಕೈಗೆ ಕೊಡುತ್ತ, "ಸದ್ದು ನಮ್ದ ಐತಿ. ನಡಿಗಿ ನಮ್ದಲ್ಲ" ಅಂದರು.

ಮನೆಗೆ ಬಂದು ಸಮ ಮಾಡದ ರೆಕಾರ್ಡಿಂಗ್ ಅನ್ನು ಮತ್ತೆ ಕೇಳಿದೆ. ಅವರು ಶುರು ಮಾಡಿದ್ದು 92ರ ಸುಮಾರಿಗೆ. ಮುಗಿಸಿದ್ದು 130ರ ಹತ್ತಿರ. ನಡುವೆ ಒಂದೇ ಸಮ ಏರಿಲ್ಲ. ಹೆಜ್ಜೆ ಬದಲಿಸುವಾಗ ಸ್ವಲ್ಪ ಹಿಂದೆ ಎಳೆದಿದ್ದಾರೆ, ತಿರುಗುವಾಗ ಮುಂದೆ ನುಗ್ಗಿದ್ದಾರೆ. ಭಾರದ ಡೊಳ್ಳು ಹೊತ್ತು ಕುಣಿಯುವವರ ಉಸಿರು ಅದರಲ್ಲಿ ಇದೆ. ನಾನು ಅದನ್ನೆಲ್ಲ ಇಸ್ತ್ರಿ ಮಾಡಿಬಿಟ್ಟಿದ್ದೆ.

ಆಮೇಲೆ ಉಲ್ಟಾ ಮಾಡಿದೆ. ಡೊಳ್ಳನ್ನು ಮುಟ್ಟಲಿಲ್ಲ. ಪ್ರತಿ ಏಟಿಗೂ ಗುರುತು ಹಾಕುತ್ತ, ಯಂತ್ರದ ವೇಗವೇ ಡೊಳ್ಳಿನ ಹಿಂದೆ ಏರಿ ಇಳಿಯುವಂತೆ ಟೆಂಪೋದ ನಕ್ಷೆ ಬರೆದೆ. ಹನ್ನೊಂದು ನಿಮಿಷದ ರೆಕಾರ್ಡಿಂಗಿಗೆ ಒಂದೂವರೆ ತಿಂಗಳು ಹಿಡಿಯಿತು. ಕಿಕ್ ಎಲ್ಲ ಕಡೆ ಹಾಕಲಿಲ್ಲ, ಏಕೆಂದರೆ ಡೊಳ್ಳಿನ ಕೆಳಗಿನ ಸದ್ದು ಮತ್ತು ಕಿಕ್‌ನ ಬೇಸ್ ಒಂದೇ ಜಾಗಕ್ಕೆ ಬಂದು ಒಂದನ್ನೊಂದು ತಿನ್ನುತ್ತಿದ್ದವು, ಮತ್ತೆ ಅದೇ ಮಾವನ ಪಾಠ. ಡೊಳ್ಳು ಇರುವಲ್ಲಿ ಯಂತ್ರದ ಬೇಸ್ ಸುಮ್ಮನಿರುತ್ತದೆ. ಡೊಳ್ಳು ಉಸಿರು ತಗೊಳ್ಳುವಲ್ಲಿ 303ರ ಸದ್ದು ಬರುತ್ತದೆ.

2023ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಣ್ಣ ಜಾಗದಲ್ಲಿ ಅದನ್ನು ಮೊದಲ ಸಲ ನುಡಿಸಿದೆ. ವೇಗ ಬದಲಾಗುವ ಟ್ರ್ಯಾಕನ್ನು ಯಾವುದರ ಜೊತೆಗೂ ಮಿಕ್ಸ್ ಮಾಡಲು ಆಗುವುದಿಲ್ಲ. ಅದಕ್ಕೆ ಹಿಂದಿನ ಹಾಡನ್ನು ಪೂರ್ತಿ ಮುಗಿಯಲು ಬಿಟ್ಟೆ. ಎರಡು ಸೆಕೆಂಡು ಮೌನ. ಆಮೇಲೆ ಬರಿಗೈ ಏಟು ಒಂದು. ಜನ ಮೊದಲು ನಿಂತರು, ಕೆಲವರು ನನ್ನ ಕಡೆ ನೋಡಿದರು. ನಾಲ್ಕನೇ ನಿಮಿಷಕ್ಕೆ ವೇಗ ಏರತೊಡಗಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಚಪ್ಪಲಿ ಬಿಚ್ಚಿ ಬದಿಗೆ ಇಟ್ಟಳು, ಅವಳ ಹೆಜ್ಜೆ ನೋಡಿದರೆ ನಮ್ಮ ಕಡೆಯವಳೇ ಅಂತ ಗೊತ್ತಾಯಿತು.

ಆ ರಾತ್ರಿಯ ರೆಕಾರ್ಡಿಂಗ್ ತಗೊಂಡು ಯುಗಾದಿಗೆ ಹಿರಿಯರ ಹತ್ತಿರ ಹೋದೆ. ಪೂರ್ತಿ ಕೇಳಿದರು. ಏಳನೇ ನಿಮಿಷದ ಹತ್ತಿರ ಕೈ ಎತ್ತಿ ನಿಲ್ಲಿಸಲು ಹೇಳಿದರು. ಅಲ್ಲಿ ತಾವೇ ಒಂದು ಏಟು ತಪ್ಪಿದ್ದಾರಂತೆ, ಹೊಸದಾಗಿ ಬಾರಿಸಿಕೊಡುತ್ತೇನೆ, ಮೈಕು ತಗೊಂಡು ಬಾ ಅಂದರು. ದೀಪಾವಳಿ ಕಳೆದ ಮೇಲೆ ಹೋಗುತ್ತಿದ್ದೇನೆ. ಮಾವನೂ ಬರುತ್ತೇನೆ ಅಂದಿದ್ದಾನೆ, ಮೈಕು ಎಲ್ಲಿ ಇಡಬೇಕು ಅಂತ ತಾನು ನೋಡುತ್ತಾನಂತೆ.